ಸುತ್ತುನೋಟದ ಛಾಯಾಚಿತ್ರ ಮತ್ತು ಸ್ಥಳದ ಓದು: ಹಂಪಿಯನ್ನು ಕುರಿತು ಕೆಲವು ವಿಚಾರಗಳು

ಪ್ರವೇಶ

ಹಂಪಿಯ ವಿರೂಪಾಕ್ಷ ದೇವಾಲಯದ ಹಿಂಬದಿಯಲ್ಲಿ ಒಂದು ಕತ್ತಲೆಯ ಮಂಟಪವಿದೆ. ಗೋಡೆಯ ಕಿರುಗಿಂಡಿಯಿಂದ ಒಳಬರುವ ಬೆಳಕು ಪೂರ್ವದಿಕ್ಕಿನ ಮಹಾಗೋಪುರದ ನೆರಳನ್ನು ಎದುರುಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಹಂಪಿಗೆ ಹೋದವರೆಲ್ಲರೂ ಇದನ್ನು ಬೆರಗಿನಿಂದ ನೋಡಿ ಬಂದಿರುತ್ತಾರೆ. ಛಾಯಾಗ್ರಹಣದ ಮೂಲತತ್ತ್ವವಾದ ಸೂಜಿರಂಧ್ರ ಕ್ಯಾಮೆರಾ ಕೆಲಸ ಮಾಡುವುದು ಹೀಗೆಯೇ. ಈ ದೃಶ್ಯವು ನಮಗೆ ಎರಡು ಸಂಗತಿಗಳನ್ನು ತಿಳಿಸುತ್ತದೆ. ಒಂದು, ಚಿತ್ರ ಮೂಡಬೇಕಾದರೆ ಬೆಳಕು ಹಾದುಬರುವ ಒಂದು ನಿಶ್ಚಿತ ಬಿಂದು ಬೇಕು. ಎರಡು, ಆ ಬಿಂದು ಬದಲಾದರೆ ಚಿತ್ರವೂ ಬದಲಾಗುತ್ತದೆ. ಪ್ರಸ್ತುತ ಲೇಖನದ ವಿಷಯವಾದ ಸುತ್ತುನೋಟದ ಛಾಯಾಚಿತ್ರ, ಎಂದರೆ ಪನೋರಮಾ, ಹಾಗೂ ಅದರಿಂದ ಕಟ್ಟುವ ವರ್ಚುವಲ್ ಪ್ರವಾಸ, ಇವೆರಡನ್ನೂ ಅರ್ಥಮಾಡಿಕೊಳ್ಳಲು ಈ ಎರಡು ಮಾತುಗಳೇ ಸಾಕು.

ಕನ್ನಡ ವಿಭಾಗಗಳಲ್ಲಿ ಕ್ಷೇತ್ರಕಾರ್ಯವೆಂಬುದು ಅಧ್ಯಯನದ ಒಂದು ಮುಖ್ಯ ಅಂಗ. ಶಾಸನ, ಸ್ಥಳನಾಮ, ಜಾನಪದ, ಕ್ಷೇತ್ರಮಹಾತ್ಮೆಗಳನ್ನು ಕುರಿತು ಕೆಲಸ ಮಾಡುವವರು ಸ್ಥಳಕ್ಕೆ ಹೋಗದೆ ಬರೆಯುವಂತಿಲ್ಲ. ಆದರೆ ಹೋದಾಗ ಕಂಡದ್ದನ್ನು ತರಗತಿಗೆ ತರುವ ಬಗೆ ಯಾವುದು? ಇದುವರೆಗೆ ನಾವು ಒಂದೆರಡು ಬಿಡಿ ಛಾಯಾಚಿತ್ರಗಳನ್ನೂ ನಮ್ಮ ಮಾತನ್ನೂ ನೆಚ್ಚಿಕೊಂಡು ಬಂದಿದ್ದೇವೆ. ಈಗ ಸುತ್ತುನೋಟದ ಚಿತ್ರಗಳು ಸುಲಭಸಾಧ್ಯವಾಗಿವೆ. ಅವುಗಳನ್ನು ರಚಿಸುವ ವಿಧಾನ ಯಾವುದು, ಕನ್ನಡ ಪಠ್ಯಗಳ ಓದಿಗೆ ಅವು ಎಷ್ಟರಮಟ್ಟಿಗೆ ನೆರವಾಗಬಲ್ಲವು, ಎಲ್ಲಿ ದಾರಿ ತಪ್ಪಿಸಬಲ್ಲವು ಎಂಬುದನ್ನು ಹಂಪಿಯನ್ನು ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶವಾಗಿದೆ.

ಸುತ್ತುನೋಟದ ಹಿನ್ನೆಲೆ

ಸುತ್ತುನೋಟವು ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಐರ್ಲೆಂಡ್ ಮೂಲದ ಚಿತ್ರಕಾರ ರಾಬರ್ಟ್ ಬಾರ್ಕರ್ 1787ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. 1793ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲಿ ಇದಕ್ಕೆಂದೇ ಒಂದು ವರ್ತುಲಾಕಾರದ ಕಟ್ಟಡ ತಲೆಯೆತ್ತಿತು. ನೋಡುಗರು ನಡುವಿನ ವೇದಿಕೆಯ ಮೇಲೆ ನಿಂತು, ಸುತ್ತಲೂ ಹರಡಿದ ಚಿತ್ರವನ್ನು ತಿರುಗಿ ತಿರುಗಿ ನೋಡುತ್ತಿದ್ದರು. ಗ್ರೀಕ್ ಭಾಷೆಯ ‘ಎಲ್ಲ’ ಮತ್ತು ‘ನೋಟ’ ಎಂಬರ್ಥದ ಪದಗಳು ಸೇರಿ ‘ಪನೋರಮಾ’ ಎಂಬ ಹೆಸರಾಯಿತು.

ಈ ಇತಿಹಾಸದಲ್ಲಿ ಕರ್ನಾಟಕಕ್ಕೂ ಒಂದು ಸ್ಥಾನವಿದೆ ಎಂಬುದು ಗಮನಾರ್ಹ. 1799ರಲ್ಲಿ ಟಿಪ್ಪುಸುಲ್ತಾನನು ಮಡಿದು ಶ್ರೀರಂಗಪಟ್ಟಣವು ಆಂಗ್ಲರ ವಶವಾಯಿತು. ಮರುವರ್ಷವೇ, ಅಂದರೆ 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಚಿತ್ರಕಾರನು ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಅರ್ಧವರ್ತುಲದ ಬೃಹತ್ ಚಿತ್ರವಾಗಿ ಬರೆದು ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶಿಸಿದನು. ಅದು ಶ್ರೀರಂಗಪಟ್ಟಣವನ್ನು ಕಣ್ಣಾರೆ ಕಂಡು ಬರೆದ ಚಿತ್ರವಾಗಿರಲಿಲ್ಲ. ಆದರೂ ಜನ ಕಿಕ್ಕಿರಿದು ನೋಡಿದರು. ನೋಡುಗನನ್ನು ಅದು ನಿಲ್ಲಿಸಿದ್ದು ಮುತ್ತಿಗೆ ಹಾಕಿದವರ ಕಡೆಯಲ್ಲಿಯೇ ಹೊರತು ಕೋಟೆಯೊಳಗಿನವರ ಕಡೆಯಲ್ಲಿ ಅಲ್ಲ. ಸುತ್ತಲಿನದೆಲ್ಲವನ್ನೂ ತೋರಿಸುತ್ತೇನೆನ್ನುವ ಚಿತ್ರವೂ ನೋಡುಗನನ್ನು ಯಾರದೋ ಪಕ್ಷದಲ್ಲಿ ನಿಲ್ಲಿಸಿಯೇ ತೋರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಕಂಪ್ಯೂಟರಿನಲ್ಲಿ ಸುತ್ತುನೋಟವನ್ನು ಬೇಕಾದಂತೆ ತಿರುಗಿಸಿ ನೋಡುವ ಅನುಕೂಲವು 1990ರ ದಶಕದ ನಡುಭಾಗದಲ್ಲಿ ಆಪಲ್ ಸಂಸ್ಥೆಯ ಕ್ವಿಕ್‌ಟೈಮ್ ವಿಆರ್ ತಂತ್ರಾಂಶದಿಂದ ಜನಬಳಕೆಗೆ ಬಂದಿತು. 1998ರ ಹೊತ್ತಿಗೆ ಹೆಲ್ಮುಟ್ ಡೆರ್ಶ್ ರೂಪಿಸಿದ ‘ಪನೋರಮಾ ಟೂಲ್ಸ್’ ಬಿಡಿಚಿತ್ರಗಳನ್ನು ಹೊಲಿಯುವ ಕೆಲಸವನ್ನು ಸಾಮಾನ್ಯರಿಗೂ ಎಟುಕಿಸಿತು. ಇಂದು ಬಳಕೆಯಲ್ಲಿರುವ ಹ್ಯೂಗಿನ್ ಮೊದಲಾದ ತಂತ್ರಾಂಶಗಳು ಅದೇ ಬುನಾದಿಯ ಮೇಲೆ ಬೆಳೆದವು.

ರಚನಾವಿಧಾನ

ಸುತ್ತುನೋಟದ ರಚನೆಯಲ್ಲಿ ಮೂರು ಹಂತಗಳನ್ನು ಗುರುತಿಸಬಹುದು: ಚಿತ್ರಗಳನ್ನು ತೆಗೆಯುವುದು, ಅವುಗಳನ್ನು ಹೊಲಿಯುವುದು ಮತ್ತು ಒಂದಕ್ಕೊಂದು ಕೊಂಡಿ ಹಾಕುವುದು.

ಮೊದಲನೆಯ ಹಂತದಲ್ಲಿ ಅತಿ ಮುಖ್ಯವಾದುದು ಕ್ಯಾಮೆರಾ ಸುತ್ತುವ ಅಕ್ಷ. ಮುಖದ ಮುಂದೆ ಬೆರಳನ್ನು ಹಿಡಿದು ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದರೆ ಹಿಂದಿನ ಗೋಡೆಯ ಮೇಲೆ ಬೆರಳು ಸ್ಥಳ ಬದಲಿಸಿದಂತೆ ಕಾಣುತ್ತದೆ. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ತಿರುಗಿದಾಗಲೂ ಹತ್ತಿರದ ಕಂಬವು ದೂರದ ಗೋಡೆಯ ಮುಂದೆ ಹೀಗೆಯೇ ಜರುಗುತ್ತದೆ. ಆಗ ಎರಡು ಚಿತ್ರಗಳು ಕೂಡುವುದಿಲ್ಲ, ಕಂಬ ಮುರಿದಂತೆ ಕಾಣುತ್ತದೆ. ಮಸೂರದೊಳಗೆ ಬೆಳಕು ಕೂಡುವ ಬಿಂದುವೇ ಅಕ್ಷದ ಮೇಲಿರುವಂತೆ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಹೊಂದಿಸಿದರೆ ಈ ದೋಷ ತಪ್ಪುತ್ತದೆ. ಇದಕ್ಕಾಗಿ ವಿಶೇಷ ತಲೆಭಾಗವುಳ್ಳ ಟ್ರೈಪಾಡುಗಳು ದೊರೆಯುತ್ತವೆ. ಬಯಲಿನಲ್ಲಿ ಈ ದೋಷ ಅಷ್ಟಾಗಿ ಕಾಣದು. ಕಂಬಗಳು ಒತ್ತಾಗಿರುವ ಮಂಟಪದಲ್ಲಿ ಮಾತ್ರ ಎದ್ದು ಕಾಣುತ್ತದೆ.

ಒಂದು ಚಿತ್ರ ಮತ್ತು ಮುಂದಿನ ಚಿತ್ರದ ನಡುವೆ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ದೃಶ್ಯ ಸಮಾನವಾಗಿರಬೇಕು. ಪೂರ್ಣ ಅಳತೆಯ ಸಂವೇದಕವುಳ್ಳ ಕ್ಯಾಮೆರಾಕ್ಕೆ 15 ಮಿ.ಮೀ. ಮೀನುಗಣ್ಣು ಮಸೂರವನ್ನು ಹಾಕಿ, ಕ್ಯಾಮೆರಾವನ್ನು ಲಂಬವಾಗಿ ಹಿಡಿದು, 60 ಡಿಗ್ರಿಗೊಂದರಂತೆ ಸುತ್ತಲೂ 6, ಆಕಾಶದ ಕಡೆಗೆ 1, ನೆಲದ ಕಡೆಗೆ 1 ಚಿತ್ರವನ್ನು ತೆಗೆದರೆ ಇಡೀ ಗೋಳ ತುಂಬುತ್ತದೆ. ಬೆಳಕಿನ ಪ್ರಮಾಣ, ಬಣ್ಣದ ಸಮತೋಲ, ನಾಭಿದೂರಗಳನ್ನು ಮೊದಲೇ ನಿಗದಿಪಡಿಸಿ, ಸುತ್ತು ಮುಗಿಯುವವರೆಗೆ ಬದಲಿಸಬಾರದು. ಕತ್ತಲೆಯ ಮಂಟಪದೊಳಗೆ ನಿಂತು ಬಿಸಿಲಿನ ಪ್ರಾಕಾರವನ್ನೂ ಹಿಡಿಯಬೇಕಾದಾಗ ಒಂದೇ ದಿಕ್ಕಿಗೆ ಬೇರೆ ಬೇರೆ ಬೆಳಕಿನ ಪ್ರಮಾಣದಲ್ಲಿ ಮೂರು ಚಿತ್ರಗಳನ್ನು ತೆಗೆದು ಆಮೇಲೆ ಬೆಸೆಯುವುದುಂಟು. ಎರಡು ಮಸೂರಗಳುಳ್ಳ, ಒಂದೇ ಒತ್ತಿಗೆ ಇಡೀ ಗೋಳವನ್ನು ಸೆರೆಹಿಡಿಯುವ ಕಿರುಕ್ಯಾಮೆರಾಗಳೂ ಇಂದು ಇವೆ. ತರಗತಿಯ ಉಪಯೋಗಕ್ಕೆ ಅವು ಸಾಕಾಗಬಹುದು. ಶಾಸನಾಧ್ಯಯನಕ್ಕೆ ಸಾಲವು.

ಎರಡನೆಯ ಹಂತದಲ್ಲಿ ತಂತ್ರಾಂಶವು ಸಮಾನ ಬಿಂದುಗಳನ್ನು ಗುರುತಿಸಿ ಚಿತ್ರಗಳನ್ನು ಹೊಲಿಯುತ್ತದೆ. ಗೋಳವನ್ನು ಚಪ್ಪಟೆಯಾಗಿ ಬಿಡಿಸಿದಾಗ ಉದ್ದವು ಎತ್ತರದ ಎರಡರಷ್ಟಿರುತ್ತದೆ. ಭೂಗೋಳವನ್ನು ಭೂಪಟವಾಗಿಸುವಾಗ ಧ್ರುವಪ್ರದೇಶಗಳು ಹಿಗ್ಗುವಂತೆ ಇಲ್ಲಿ ಮೇಲ್ಚಾವಣಿ ಮತ್ತು ನೆಲ ಹಿಗ್ಗಿ ಕಾಣುತ್ತವೆ. ಪರದೆಯ ಮೇಲೆ ತಿರುಗಿಸಿ ನೋಡುವಾಗ ಅದು ಸರಿಹೋಗುತ್ತದೆ.

ಇಲ್ಲಿ ಸಂಶೋಧಕರಿಗೆ ಉಪಯುಕ್ತವಾದ ಒಂದು ಲೆಕ್ಕವನ್ನು ಹೇಳಬೇಕು. 12,000 ಪಿಕ್ಸೆಲ್ ಉದ್ದ, 6,000 ಪಿಕ್ಸೆಲ್ ಎತ್ತರದ ಸುತ್ತುನೋಟದಲ್ಲಿ ಒಂದು ಡಿಗ್ರಿಗೆ ಸುಮಾರು 33 ಪಿಕ್ಸೆಲ್‌ಗಳು ದೊರೆಯುತ್ತವೆ. 2 ಸೆಂ.ಮೀ. ಎತ್ತರದ ಶಾಸನಾಕ್ಷರವು 2 ಮೀಟರ್ ದೂರದಲ್ಲಿದ್ದರೆ ಅದಕ್ಕೆ ಸುಮಾರು 19 ಪಿಕ್ಸೆಲ್ ಸಿಗುತ್ತದೆ, ಓದಬಹುದು. ಅದೇ ಅಕ್ಷರವು 10 ಮೀಟರ್ ದೂರದಲ್ಲಿದ್ದರೆ 4 ಪಿಕ್ಸೆಲ್ ಕೂಡ ಸಿಗುವುದಿಲ್ಲ. ಆದ್ದರಿಂದ ಸುತ್ತುನೋಟವು ಶಾಸನದ ಪಡಿಯಚ್ಚಿಗೆ ಬದಲಿಯಲ್ಲ. ಶಾಸನವು ಯಾವ ಕಂಬದಲ್ಲಿದೆ, ಯಾವ ಬಾಗಿಲಿಗೆ ಮುಖ ಮಾಡಿದೆ, ಓದುವವನು ಎಲ್ಲಿ ನಿಲ್ಲಬೇಕಿತ್ತು ಎಂಬುದನ್ನು ಅದು ತಿಳಿಸುತ್ತದೆ. ಸಂಪುಟಗಳಲ್ಲಿ ಅಚ್ಚಾದ ಪಾಠದಿಂದ ನಮಗೆ ದೊರೆಯದಿರುವುದು ಇದೇ.

ಮೂರನೆಯ ಹಂತದಲ್ಲಿ ಒಂದು ಸುತ್ತುನೋಟದಿಂದ ಮತ್ತೊಂದಕ್ಕೆ ಹೋಗುವ ಕೊಂಡಿಗಳನ್ನೂ ಮಾಹಿತಿ ತೆರೆಯುವ ಗುರುತುಗಳನ್ನೂ ಅಳವಡಿಸಲಾಗುತ್ತದೆ. ಪನೆಲಮ್, ಮಾರ್ಜಿಪಾನೋ ಮುಂತಾದ ಮುಕ್ತ ತಂತ್ರಾಂಶಗಳು ಇದಕ್ಕೆ ಸಾಕು. ಬಿಡಿಚಿತ್ರಗಳು ಪ್ರವಾಸವಾಗಿ ಮಾರ್ಪಡುವುದು ಈ ಹಂತದಲ್ಲಿ. ಸಾಹಿತ್ಯದ ವಿದ್ಯಾರ್ಥಿಗಳಾದ ನಮ್ಮ ಕೆಲಸ ಆರಂಭವಾಗುವುದೂ ಇಲ್ಲಿಯೇ.

ನಿಲ್ಲುವ ಜಾಗದ ಪ್ರಶ್ನೆ

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನು ನಗರದ ವಿಸ್ತಾರವನ್ನು ಬರೆಯಲಾಗದೆ ತೊಡಕಿಗೆ ಸಿಲುಕುತ್ತಾನೆ. ಒಂದೇ ಜಾಗದಿಂದ ಇಡೀ ನಗರ ಕಾಣಿಸದು ಎಂಬುದು ಅವನ ತೊಡಕು. ಅವನೊಂದು ಗುಡ್ಡವನ್ನು ಹತ್ತುತ್ತಾನೆ. ಬೆಟ್ಟಸಾಲುಗಳು ಅಡ್ಡವಿರುವುದರಿಂದ ಅಲ್ಲಿಂದಲೂ ಪೂರ್ತಿ ಕಾಣುವುದಿಲ್ಲ. ಕಂಡಷ್ಟು ಭಾಗವೇ ರೋಮ್ ನಗರದಷ್ಟಿದೆ ಎಂದು ಬರೆಯುತ್ತಾನೆ. ಇಂದು ಹಂಪಿಯಲ್ಲಿ ಟ್ರೈಪಾಡನ್ನು ಹೊತ್ತು ಅಲೆಯುವ ಸಂಶೋಧಕನ ತೊಡಕೂ ಇದೇ ಆಗಿದೆ.

ಮಾತಂಗ ಪರ್ವತದ ತುದಿಯಲ್ಲಿ ನಿಂತರೆ ಉತ್ತರದ ಬುಡದಲ್ಲಿ ಅಚ್ಯುತರಾಯ ದೇವಾಲಯ, ಅದರಾಚೆ ತುಂಗಭದ್ರೆ, ಪಶ್ಚಿಮಕ್ಕೆ ವಿರೂಪಾಕ್ಷನ ಗೋಪುರ ಕಾಣುತ್ತವೆ. ಇದು ಸಿರಿತನದ ನೋಟ. ಆದರೆ ಈ ಎತ್ತರದಿಂದ ಕಾಣುವುದು ವಿನ್ಯಾಸ ಮಾತ್ರ, ಬದುಕಲ್ಲ. ವಿರೂಪಾಕ್ಷನ ರಂಗಮಂಟಪದಲ್ಲಿ ನಿಂತರೆ ಬೇರೆಯದೇ ಲೋಕ. 1510ರಲ್ಲಿ ಕೃಷ್ಣದೇವರಾಯನು ಕಟ್ಟಿಸಿದ ಈ ಮಂಟಪದ ಮೇಲ್ಚಾವಣಿಯಲ್ಲಿ ವರ್ಣಚಿತ್ರಗಳಿವೆ. ಸಾಮಾನ್ಯ ಕ್ಯಾಮೆರಾ ಇವನ್ನು ತುಂಡು ತುಂಡಾಗಿ ಹಿಡಿಯುತ್ತದೆ. ತಲೆಯೆತ್ತಿ ಸುತ್ತಿ ನೋಡಬೇಕಾದ ಚಿತ್ರಗಳಿವು. ಗೋಳಾಕಾರದ ಸುತ್ತುನೋಟದಲ್ಲಿ ಮಾತ್ರ ಚಿತ್ರಕ್ಕೂ ಕಂಬಕ್ಕೂ ಗರ್ಭಗುಡಿಯ ದಿಕ್ಕಿಗೂ ಇರುವ ಸಂಬಂಧ ತಿಳಿಯುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪೂರ್ವಾನುಮತಿ ಬೇಕು. ಪೂಜೆ ನಡೆಯುವ ಗುಡಿಯಲ್ಲಿ ಅಲ್ಲಿನವರ ಒಪ್ಪಿಗೆಯೂ ಬೇಕು. ಇದು ಔಪಚಾರಿಕತೆ ಮಾತ್ರವಲ್ಲ. ಎಲ್ಲಿ ನಿಲ್ಲಬಾರದು ಎಂಬುದನ್ನು ಅರಿಯುವುದೂ ಕ್ಷೇತ್ರಕಾರ್ಯದ ಭಾಗವೇ.

ಹಂಪಿಯ ಸುತ್ತುನೋಟಗಳಲ್ಲಿ ಹೆಸರಾದ ಪ್ರಯತ್ನವೆಂದರೆ 2006ರ ‘ಪ್ಲೇಸ್-ಹಂಪಿ’. ಸಾರಾ ಕೆಂಡರ್‌ಡೈನ್, ಜೆಫ್ರಿ ಶಾ ಮತ್ತು ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಇದರಲ್ಲಿ ಮುಖ್ಯರು. ವರ್ತುಲಾಕಾರದ ಪರದೆಯ ನಡುವೆ ತಿರುಗುವ ವೇದಿಕೆಯ ಮೇಲೆ ನಿಂತು ನೋಡುಗನು ಹಂಪಿಯ ಆಳವುಳ್ಳ ಚಿತ್ರಗಳನ್ನು ನೋಡುತ್ತಾನೆ. ಪುರಾಣದ ಪಾತ್ರಗಳು ಬಂಡೆಗಳ ನಡುವೆ ಚಲಿಸುತ್ತವೆ. ಬಾರ್ಕರನ ವರ್ತುಲಗೃಹವೇ ಎರಡು ಶತಮಾನಗಳ ಬಳಿಕ ಹೊಸ ರೂಪದಲ್ಲಿ ಬಂದಂತಿದೆ. ಹೊರದೇಶಗಳಲ್ಲಿ ಪ್ರದರ್ಶನಗೊಂಡ ಈ ಕೃತಿಗೆ ಮುಂದೆ ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆ ದೊರೆಯಿತು.

ಕಾವ್ಯ ಮತ್ತು ಕಾಲದ ಪದರಗಳು

ನಮ್ಮ ಕಾವ್ಯಪರಂಪರೆಯಲ್ಲಿ ಸ್ಥಳವರ್ಣನೆ ಹೊಸತಲ್ಲ. ಅಷ್ಟಾದಶ ವರ್ಣನೆಗಳಲ್ಲಿ ನಗರ, ಪರ್ವತ, ಸಮುದ್ರಗಳಿಗೆ ಸ್ಥಾನವಿದೆ. ಆದರೆ ಕವಿಯ ಕಣ್ಣು ಒಂದು ಬಿಂದುವಿನಲ್ಲಿ ನಿಲ್ಲುವುದಿಲ್ಲ. ಅದು ಕೋಟೆಯಿಂದ ಬೀದಿಗೆ, ಬೀದಿಯಿಂದ ಅಂಗಡಿಗೆ, ಅಂಗಡಿಯಿಂದ ಮನೆಯೊಳಕ್ಕೆ ಸಾಗುತ್ತದೆ. ಕನಕದಾಸರ ‘ಮೋಹನತರಂಗಿಣಿ’ಯಲ್ಲಿ ಬರುವ ದ್ವಾರಾವತಿಯ ವರ್ಣನೆಯಲ್ಲಿ ವಿಜಯನಗರದ ಛಾಯೆಯಿದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಆ ವರ್ಣನೆಗೆ ಹೊಂದುವುದು ಒಂದೇ ಸುತ್ತುನೋಟವಲ್ಲ, ಕೊಂಡಿಗಳಿಂದ ಕೂಡಿದ ಪ್ರವಾಸ. ಕೊಂಡಿಗಳ ಕ್ರಮವನ್ನು ಕಾವ್ಯದ ಕ್ರಮಕ್ಕೆ ಹೊಂದಿಸಿ ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸವಾಗಬಲ್ಲದು.

ಆದರೆ ಇಲ್ಲಿ ಒಂದು ಅಪಾಯವೂ ಇದೆ. ಹರಿಹರನು ಹಂಪೆಯ ವಿರೂಪಾಕ್ಷನ ಪರಮಭಕ್ತ, ‘ಪಂಪಾಶತಕ’ವನ್ನು ಬರೆದವನು. ಅವನ ಪದ್ಯವನ್ನು ಕೇಳಿಸುತ್ತ ಇಂದಿನ ವಿರೂಪಾಕ್ಷ ದೇವಾಲಯದ ಸುತ್ತುನೋಟವನ್ನು ತೋರಿಸುವುದು ಸಹಜವೆನಿಸುತ್ತದೆ. ಆದರೆ ಹರಿಹರನು ಬದುಕಿದ್ದುದು 1336ರಲ್ಲಿ ಸ್ಥಾಪನೆಯಾಯಿತೆನ್ನುವ ವಿಜಯನಗರ ಸಾಮ್ರಾಜ್ಯಕ್ಕಿಂತ ಮುಂಚೆ. 1510ರ ರಂಗಮಂಟಪವನ್ನು ಅವನು ಕಂಡಿರಲು ಸಾಧ್ಯವಿಲ್ಲ. ಚಿತ್ರವು ಕಣ್ಣಿಗೆ ಕಟ್ಟುವಂತಿರುವುದರಿಂದಲೇ ಈ ಕಾಲವ್ಯತ್ಯಾಸವನ್ನು ಅದು ಮರೆಸುತ್ತದೆ.

ಛಾಯಾಚಿತ್ರದ ಅವಧಿಯೊಳಗೂ ಸ್ಥಳ ಬದಲಾಗಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದನು. 1983ರಲ್ಲಿ ಗೋಲಿಂಗ್ಸ್ ಅವರು ಅವನು ನಿಂತಿದ್ದ ಜಾಗಗಳನ್ನು ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರಗಳನ್ನು ತೆಗೆದರು. ಗ್ರೀನ್‌ಲಾನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದಿಲ್ಲ. ನಾವು ಅನಾದಿಯದೆಂದು ತಿಳಿದಿರುವ, ಐವತ್ತು ರೂಪಾಯಿ ನೋಟಿನ ಮೇಲೂ ಕಾಣುವ ರಥದ ರೂಪವು ಈಚಿನದು. ಎರಡು ಚಿತ್ರಗಳು ಒಂದೇ ಬಿಂದುವಿನಿಂದ ತೆಗೆದವಾದ್ದರಿಂದ ಈ ಹೋಲಿಕೆ ಸಾಧ್ಯವಾಯಿತು. ನಿಂತ ಜಾಗವನ್ನೂ ದಿನಾಂಕವನ್ನೂ ದಾಖಲಿಸುವುದರ ಮಹತ್ತ್ವ ಇದರಿಂದ ಮನವರಿಕೆಯಾಗುತ್ತದೆ.

ಹೆಸರುಗಳ ವಿಚಾರ

ಹಂಪಿಯ ಬಹುಪಾಲು ಮಾಹಿತಿಫಲಕಗಳಲ್ಲಿ, ಪ್ರವಾಸಿ ಕೈಪಿಡಿಗಳಲ್ಲಿ ಲೋಟಸ್ ಮಹಲ್, ಕ್ವೀನ್ಸ್ ಬಾತ್ ಮೊದಲಾದ ಹೆಸರುಗಳಿವೆ. ಇವು ನೋಡಿದವರು ಇಟ್ಟ ಹೆಸರುಗಳು. ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ, ಬಡವಿಲಿಂಗ, ಎದುರು ಬಸವಣ್ಣ, ಅಕ್ಕ-ತಂಗಿ ಗುಡ್ಡ, ತಳವಾರಘಟ್ಟ ಎಂಬುವು ಬಾಳಿದವರು ಇಟ್ಟ ಹೆಸರುಗಳು. ಹಂಪಿಯನ್ನು ಹೀಯಾಳಿಸಿದ ಅಕ್ಕತಂಗಿಯರು ಕಲ್ಲಾದರೆಂಬ ಕಥೆಯು ಆ ಎರಡು ಬಂಡೆಗಳ ಮೇಲೆ ನಿಂತಿದೆ. ಬಡ ಹೆಣ್ಣುಮಗಳೊಬ್ಬಳು ಸ್ಥಾಪಿಸಿದಳೆಂಬ ಐತಿಹ್ಯವು ನೀರಿನಲ್ಲಿ ನಿಂತ ಆ ಲಿಂಗಕ್ಕೆ ಹೆಸರಾಗಿದೆ. ಪ್ರವಾಸದ ಒಂದು ಗುರುತನ್ನು ಒತ್ತಿದಾಗ ಅಳತೆ ಮತ್ತು ಇಸವಿ ಮಾತ್ರ ತೆರೆದರೆ ಅದು ಕೈಪಿಡಿಯಾಗುತ್ತದೆ. ಹೆಸರು, ಅದರ ಕಥೆ, ಆ ಕಥೆಯನ್ನು ಹೇಳಿದವರ ದನಿ ತೆರೆದರೆ ಅದು ಕನ್ನಡದ ಸ್ಥಳಪಠ್ಯವಾಗುತ್ತದೆ. ತಂತ್ರಜ್ಞರು ಈ ಕೆಲಸವನ್ನು ಮಾಡಲಾರರು. ಕನ್ನಡ ವಿಭಾಗಗಳೇ ಮಾಡಬೇಕು.

ಜನರಿಲ್ಲದ ಬೀದಿ

ಸುತ್ತುನೋಟ ತೆಗೆಯುವವರು ಸಾಮಾನ್ಯವಾಗಿ ಬೆಳಗಿನ ಜಾವವನ್ನು ಆರಿಸಿಕೊಳ್ಳುತ್ತಾರೆ. ಬೆಳಕು ಮೃದುವಾಗಿರುತ್ತದೆ, ಜನರಿರುವುದಿಲ್ಲ. ಚಲಿಸುವ ಮನುಷ್ಯ ಎರಡು ಚಿತ್ರಗಳ ಸೇರುವಿಕೆಯಲ್ಲಿ ಸಿಕ್ಕಿಕೊಂಡರೆ ಅರ್ಧದೇಹ ಮಾತ್ರ ಉಳಿಯುತ್ತದೆ. ಅದನ್ನು ಅಳಿಸಿಹಾಕುವುದು ವಾಡಿಕೆ. ಹೀಗಾಗಿ ತಂತ್ರದ ಅನುಕೂಲವೇ ಜನರಿಲ್ಲದ ಹಂಪಿಯನ್ನು ಸೃಷ್ಟಿಸುತ್ತದೆ.

ಈ ಮಾತಿನ ತೂಕ ಪ್ರಸ್ತುತ ಲೇಖಕಿಗೆ ಅರಿವಾದದ್ದು ಒಂದು ಪದವಿ ತರಗತಿಯಲ್ಲಿ. ಕ್ಷೇತ್ರಕಾರ್ಯದಲ್ಲಿ ರಚಿಸಿದ ಸುತ್ತುನೋಟಗಳನ್ನು ತೋರಿಸುತ್ತ, ವಿರೂಪಾಕ್ಷ ಬಜಾರಿನ ಮಂಟಪಸಾಲನ್ನು ತಿರುಗಿಸುತ್ತಿದ್ದೆ. ಬೀದಿ ನಿರ್ಮಲವಾಗಿತ್ತು, ಚಿತ್ರ ಚೆನ್ನಾಗಿ ಹೊಲಿದುಬಂದಿತ್ತು. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು, ‘ಮೇಡಂ, ಸ್ವಲ್ಪ ಹಿಂದಕ್ಕ ತಿರುಗಿಸ್ರಿ’ ಎಂದಳು. ತಿರುಗಿಸಿದೆ. ‘ಆ ಕಂಬದ ಹತ್ರನ ನಮ್ಮಜ್ಜಿ ಅಂಗಡಿ ಇತ್ತು’ ಎಂದಳು. ತರಗತಿ ಕೆಲಹೊತ್ತು ಮೌನವಾಗಿತ್ತು. ನಾನು ಆವರೆಗೆ ಆ ಕಂಬದ ಕೆತ್ತನೆಯನ್ನು ಕುರಿತು ಮಾತ್ರ ಹೇಳುತ್ತಿದ್ದೆ.

ಬಜಾರಿನ ಮಂಟಪಗಳಲ್ಲಿ ತಲೆಮಾರುಗಳಿಂದ ವಾಸಿಸುತ್ತ, ವ್ಯಾಪಾರ ಮಾಡುತ್ತಿದ್ದ ನೂರಾರು ಕುಟುಂಬಗಳನ್ನು ಉಚ್ಚ ನ್ಯಾಯಾಲಯದ ಆದೇಶದ ಹಿನ್ನೆಲೆಯಲ್ಲಿ 2011ರಲ್ಲಿ ತೆರವುಗೊಳಿಸಲಾಯಿತು. ಕಡ್ಡಿರಾಂಪುರದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸ್ಮಾರಕಗಳ ರಕ್ಷಣೆ ಒಂದು ಕಡೆ, ಬದುಕು ಇನ್ನೊಂದು ಕಡೆ. ಇವುಗಳ ನ್ಯಾಯಾನ್ಯಾಯವನ್ನು ತೀರ್ಮಾನಿಸುವುದು ಈ ಲೇಖನದ ವ್ಯಾಪ್ತಿಗೆ ಮೀರಿದ್ದು. ಆದರೆ ಪಾಯಸ್‌ನ ಬರಹವಾಗಲಿ ಕನಕದಾಸರ ಕಾವ್ಯವಾಗಲಿ ಅಂಗಡಿ, ಸಂತೆ, ಜನಜಂಗುಳಿಗಳಿಲ್ಲದೆ ನಗರವನ್ನು ಕಲ್ಪಿಸಿಕೊಂಡಿಲ್ಲ ಎಂಬುದನ್ನು ನೆನೆಯಬೇಕು. ಖಾಲಿ ಬೀದಿಯ ಸುತ್ತುನೋಟವನ್ನು ‘ವಿಜಯನಗರದ ಬಜಾರು’ ಎಂದು ಕರೆದರೆ ಅದು ಹದಿನಾರನೆಯ ಶತಮಾನಕ್ಕೂ ನಿಜವಲ್ಲ, ಇಪ್ಪತ್ತನೆಯ ಶತಮಾನಕ್ಕೂ ನಿಜವಲ್ಲ. ಅದು 2011ರ ನಂತರದ ಒಂದು ಬೆಳಗಿನ ಚಿತ್ರ ಮಾತ್ರ. ಹಾಗೆಂದು ಬರೆದರೆ ಅದೊಂದು ಪ್ರಾಮಾಣಿಕ ದಾಖಲೆಯಾಗುತ್ತದೆ.

ಮುಂದಿನ ವಾರ ಆ ವಿದ್ಯಾರ್ಥಿನಿಯು ಅಜ್ಜಿಯ ಮಾತನ್ನು ಫೋನಿನಲ್ಲಿ ಮುದ್ರಿಸಿಕೊಂಡು ಬಂದಳು. ಅಜ್ಜಿಯ ಒಪ್ಪಿಗೆ ಪಡೆದು, ಆ ಕಂಬದ ಮೇಲೊಂದು ಗುರುತನ್ನಿರಿಸಿ ಆ ದನಿಯನ್ನು ಅಳವಡಿಸಿದೆವು. ಚಿತ್ರ ಅದೇ, ಕಂಬವೂ ಅದೇ. ಓದು ಮಾತ್ರ ಬೇರೆಯಾಯಿತು.

ಸಮಾರೋಪ

ಮೇಲಿನ ಚರ್ಚೆಯ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಇಂತಹ ಕೆಲಸವನ್ನು ಕೈಗೊಳ್ಳುವಾಗ ಪಾಲಿಸಬಹುದಾದ ಕೆಲವು ಅಂಶಗಳನ್ನು ಸೂಚಿಸಬಹುದು.

1. ಪ್ರತಿ ಸುತ್ತುನೋಟಕ್ಕೂ ನಿಂತ ಜಾಗ, ದಿನಾಂಕ, ಹೊತ್ತುಗಳನ್ನು ದಾಖಲಿಸಬೇಕು. ಮುಂದೆ ಬರುವವರು ಅಲ್ಲಿಯೇ ನಿಂತು ಮತ್ತೆ ತೆಗೆಯುವಂತಿರಬೇಕು.

2. ಜೋಡಿಸುವ ಪ್ರತಿಯೊಂದು ಪಠ್ಯಕ್ಕೂ ಅದರ ಕಾಲವನ್ನು ನಮೂದಿಸಬೇಕು. ಚಿತ್ರದ ಕಾಲ ಮತ್ತು ಪಠ್ಯದ ಕಾಲ ಬೇರೆಯೆಂಬುದು ಪರದೆಯ ಮೇಲೆಯೇ ಕಾಣಬೇಕು.

3. ಸ್ಥಳೀಯರ ಬಾಯಲ್ಲಿರುವ ಹೆಸರು ಮೊದಲು ಬರಬೇಕು, ಇಲಾಖೆಯ ಹೆಸರು ಅನಂತರ.

4. ಒಂದೇ ಬಿಂದುವಿನಿಂದ ಬೆಳಗಿನ ಖಾಲಿ ನೋಟವನ್ನೂ ಜಾತ್ರೆಯ ಅಥವಾ ಸಂಜೆಯ ತುಂಬಿದ ನೋಟವನ್ನೂ ತೆಗೆಯಬೇಕು. ಗುರುತು ಸಿಗುವ ಮುಖಗಳಿದ್ದರೆ ಅವರ ಒಪ್ಪಿಗೆ ಅಗತ್ಯ.

5. ಮೂಲಚಿತ್ರಗಳನ್ನು ಪ್ರತ್ಯೇಕವಾಗಿ ಕಾಪಾಡಬೇಕು. ಫ್ಲ್ಯಾಶ್ ತಂತ್ರಾಂಶಕ್ಕೆ ಬೆಂಬಲವು 2020ರ ಕೊನೆಗೆ ನಿಂತುಹೋದಾಗ ಅದನ್ನೇ ನೆಚ್ಚಿದ ಪ್ರವಾಸಗಳು ತೆರೆಯದಂತಾದವು. ಕನ್ನಡ ಬರಹವನ್ನು ಯೂನಿಕೋಡ್‌ನಲ್ಲಿಯೇ ಇರಿಸಬೇಕು. ಇಲ್ಲವಾದರೆ ಹಳೆಯ ಫಾಂಟುಗಳಲ್ಲಿ ಸಿಲುಕಿದ ನಮ್ಮ ಎಷ್ಟೋ ಕಡತಗಳ ಗತಿಯೇ ಇದಕ್ಕೂ ಬಂದೀತು.

ಒಟ್ಟಾರೆ ಹೇಳುವುದಾದರೆ, ಸುತ್ತುನೋಟವು ಸ್ಥಳಕ್ಕೆ ಬದಲಿಯಲ್ಲ, ಅದು ಸ್ಥಳದ ಒಂದು ಪಾಠಾಂತರ. ಹಸ್ತಪ್ರತಿಯನ್ನು ಎದುರಿಸುವಾಗ ಲಿಪಿಕಾರ ಯಾರು, ಕಾಲ ಯಾವುದು, ಬಿಟ್ಟುಹೋದದ್ದು ಏನು ಎಂದು ನಾವು ಕೇಳುತ್ತೇವೆ. ಇದನ್ನೂ ಹಾಗೆಯೇ ಕೇಳಬೇಕು. ಗ್ರಂಥಸಂಪಾದನೆಯಲ್ಲಿ ಪಳಗಿದ ಕನ್ನಡ ವಿದ್ವತ್ತಿಗೆ ಈ ಪ್ರಶ್ನೆಗಳು ಹೊಸವಲ್ಲ, ಕೇಳಬೇಕಾದ ವಸ್ತು ಮಾತ್ರ ಹೊಸದು. ವಿರೂಪಾಕ್ಷನ ಕತ್ತಲೆಯ ಮಂಟಪದಲ್ಲಿ ತಲೆಕೆಳಗಾಗಿ ಬಿದ್ದ ನೆರಳನ್ನು ನೋಡಿ ಅದೇ ಗೋಪುರವೆಂದು ಯಾರೂ ಭ್ರಮಿಸುವುದಿಲ್ಲ. ಹೊರಗೆ ಬಂದು ತಲೆಯೆತ್ತಿ ನೋಡುತ್ತಾರೆ. ನಾವು ರೂಪಿಸುವ ಪ್ರವಾಸಗಳೂ ವಿದ್ಯಾರ್ಥಿಗಳನ್ನು ಹಾಗೆ ಹೊರಗೆ ಕಳುಹಿಸುವಂತಾದರೆ ಈ ಶ್ರಮ ಸಾರ್ಥಕವಾದೀತು.